ಆಸ್ಪತ್ರೆಯಿಲ್ಲದ ಎಮರ್ಜೆನ್ಸಿ ರೂಮು

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಟೆಕ್ಸಾಸ್‌ಗೆ ಹೋಗಿಬಂದ ಕನ್ನಡಿಗರು ಈ ಕಟ್ಟಡಗಳನ್ನು ಕಂಡಿರುತ್ತಾರೆ. ಡಲ್ಲಾಸ್‌ನ ಉತ್ತರಕ್ಕಿರುವ ಫ್ರಿಸ್ಕೊ, ಪ್ಲೇನೊ, ಹ್ಯೂಸ್ಟನ್‌ ಅಂಚಿನ ಕೇಟಿ, ಶುಗರ್‌ ಲ್ಯಾಂಡ್‌ನಂಥ ಊರುಗಳಲ್ಲಿ ದಿನಸಿ ಅಂಗಡಿ, ಬ್ಯಾಂಕುಗಳ ಸಾಲಿನಲ್ಲೇ ‘ಎಮರ್ಜೆನ್ಸಿ’ ಎಂದು ಹೊಳೆಯುವ ಫಲಕ. ಬಾಗಿಲು ಹಗಲೂ ರಾತ್ರಿಯೂ ತೆರೆದಿರುತ್ತದೆ. ಒಳಗೆ ವೈದ್ಯರು, ನರ್ಸ್‌ಗಳು, ಲ್ಯಾಬ್, ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿ.ಟಿ. ಸ್ಕ್ಯಾನ್ ಎಲ್ಲವೂ ಉಂಟು. ಆಪರೇಷನ್ ಥಿಯೇಟರ್ ಇಲ್ಲ, ಐ.ಸಿ.ಯು. ಇಲ್ಲ, ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್‌ಲ್ಯಾಬ್ ಇಲ್ಲ, ಹೆರಿಗೆ ವಾರ್ಡಿಲ್ಲ. ತುರ್ತು ವಿಭಾಗವೊಂದನ್ನೇ ಆಸ್ಪತ್ರೆಯಿಂದ ಬಿಡಿಸಿ ತಂದು ರಸ್ತೆ ಬದಿಯಲ್ಲಿ ಇಟ್ಟಂತೆ. ಅಲ್ಲಿನವರು ಇದನ್ನು ಫ್ರೀಸ್ಟ್ಯಾಂಡಿಂಗ್ ಇ.ಆರ್. (ಎಮರ್ಜೆನ್ಸಿ ರೂಮ್) ಎನ್ನುತ್ತಾರೆ.

ಈ ಬಗೆಯ ಕೇಂದ್ರಗಳು ಅಮೆರಿಕದಲ್ಲಿ 1970ರ ದಶಕದಲ್ಲಿ ಶುರುವಾದದ್ದು ಒಳ್ಳೆಯ ಕಾರಣಕ್ಕೆ. ಆಸ್ಪತ್ರೆ ಕಟ್ಟಿ ನಡೆಸುವಷ್ಟು ಜನಸಂಖ್ಯೆ ಇಲ್ಲದ ಹಳ್ಳಿಗಾಡಿನಲ್ಲಿ ತುರ್ತು ಚಿಕಿತ್ಸೆಯಾದರೂ ಸಿಗಲಿ ಎಂಬುದು ಉದ್ದೇಶ. ಆಮೇಲೆ ಅವು ಬೆಳೆದದ್ದು ಬೇರೆ ದಿಕ್ಕಿನಲ್ಲಿ. 2009ರಲ್ಲಿ ಟೆಕ್ಸಾಸ್ ಶಾಸನಸಭೆ ಒಂದು ಕಾನೂನು ಮಾಡಿ, ಯಾವ ಆಸ್ಪತ್ರೆಗೂ ಸೇರದ ಸ್ವತಂತ್ರ ತುರ್ತು ಕೇಂದ್ರಗಳಿಗೆ ಪರವಾನಗಿ ಕೊಡುವ ದಾರಿ ತೆರೆಯಿತು. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ಬಗ್ಗೆ ಅಮೆರಿಕದ ಸಂಸತ್ತಿಗೆ ಸಲಹೆ ಕೊಡುವ ಆಯೋಗ 2017ರಲ್ಲಿ ಕೊಟ್ಟ ಲೆಕ್ಕದಂತೆ, 2016ರ ಹೊತ್ತಿಗೆ ದೇಶದಲ್ಲಿ ಇಂಥ 566 ಕೇಂದ್ರಗಳಿದ್ದವು. 363 ಆಸ್ಪತ್ರೆಗಳ ದೂರದ ಶಾಖೆಗಳು, 203 ಪೂರ್ತಿ ಸ್ವತಂತ್ರವಾದವು.

ಇವು ಎಲ್ಲಿ ತಲೆಯೆತ್ತಿದವು ಎಂಬುದನ್ನು ನೋಡಿದರೆ ಕಥೆ ಅರ್ಥವಾಗುತ್ತದೆ. ಮೆಡಿಕೇರ್ ಸ್ವತಂತ್ರ ಕೇಂದ್ರಗಳನ್ನು ಮಾನ್ಯ ಮಾಡುವುದಿಲ್ಲ. ಕೋವಿಡ್ ಕಾಲದಲ್ಲಿ ಕೊಟ್ಟ ತಾತ್ಕಾಲಿಕ ವಿನಾಯಿತಿ ಬಿಟ್ಟರೆ ಹಣ ಕೊಟ್ಟದ್ದೇ ಇಲ್ಲ. ಹೀಗಾಗಿ ಅವುಗಳ ಆದಾಯ ಬಹುತೇಕ ಖಾಸಗಿ ವಿಮೆ ಇದ್ದವರಿಂದಲೇ ಬರಬೇಕು. ಟೆಕ್ಸಾಸ್‌ನ ಕೇಂದ್ರಗಳು ಹೆಚ್ಚು ಆದಾಯದ, ಹೆಚ್ಚು ಖಾಸಗಿ ವಿಮೆಯ ಬಡಾವಣೆಗಳಲ್ಲೇ ಗುಂಪುಗೂಡಿವೆ ಎಂದು ಸಂಶೋಧಕರು ತೋರಿಸಿದ್ದಾರೆ. ಎಂದರೆ, ಆಸ್ಪತ್ರೆ ಈಗಾಗಲೇ ಹತ್ತಿರವಿದ್ದವರ ಮನೆ ಬಾಗಿಲಿಗೆ ಇನ್ನೊಂದು ಬಾಗಿಲು ಬಂತು. ಆಸ್ಪತ್ರೆ ಮುಚ್ಚಿಹೋದ ಹಳ್ಳಿಯವರು ಮೊದಲಿನಂತೆಯೇ ಗಂಟೆಗಟ್ಟಲೆ ಕಾರಿನಲ್ಲಿ ಹೋಗಬೇಕು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. 2023ರಿಂದ ಮೆಡಿಕೇರ್ ‘ಗ್ರಾಮೀಣ ತುರ್ತು ಆಸ್ಪತ್ರೆ’ ಎಂಬ ಹೊಸ ವರ್ಗಕ್ಕೆ ಪ್ರತಿ ತಿಂಗಳೂ ನಿಗದಿತ ಹಣ ಕೊಡುತ್ತಿದೆ. ಒಳರೋಗಿಗಳ ವಾರ್ಡನ್ನು ಬಿಟ್ಟುಕೊಟ್ಟು ತುರ್ತು ಚಿಕಿತ್ಸೆಯನ್ನು ಉಳಿಸಿಕೊಳ್ಳುವ ಸಣ್ಣ ಆಸ್ಪತ್ರೆಗಳಿಗೆ ಇದು ಆಸರೆ. ಮೂಲದ ಉದ್ದೇಶಕ್ಕೆ ಇದೇ ಹತ್ತಿರ.

ಈ ಕೇಂದ್ರಗಳ ಬಿಲ್ಲು ಬಲು ದೊಡ್ಡದು. ಏಕೆ? ಬೆಂಕಿ ಬೀಳದ ದಿನವೂ ಅಗ್ನಿಶಾಮಕ ದಳಕ್ಕೆ ಸಂಬಳ ಕೊಡಬೇಕಲ್ಲ, ಹಾಗೆಯೇ ಬೆಳಗಿನ ಜಾವ ಮೂರಕ್ಕೆ ರೋಗಿಯೇ ಇಲ್ಲದಿದ್ದರೂ ವೈದ್ಯರು, ಸಿ.ಟಿ. ತಂತ್ರಜ್ಞರು ಕಾದಿರಬೇಕು. ಆ ಸನ್ನದ್ಧತೆಯ ವೆಚ್ಚ ‘ಫೆಸಿಲಿಟಿ ಫೀ’ ಎಂಬ ಹೆಸರಿನಲ್ಲಿ ಬಂದ ಪ್ರತಿ ರೋಗಿಯ ಬಿಲ್ಲಿಗೂ ಸೇರುತ್ತದೆ, ವೈದ್ಯರ ಶುಲ್ಕ ಬೇರೆ. ಗಂಟಲು ನೋವಿಗೆ ಹೋದವರೂ ಅದನ್ನು ತಪ್ಪಿಸಿಕೊಳ್ಳಲಾರರು. ಟೆಕ್ಸಾಸ್‌ನ ದೊಡ್ಡ ವಿಮಾ ಸಂಸ್ಥೆಯೊಂದರ ದಾಖಲೆಗಳನ್ನು ರೈಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ವಿವಿಯನ್ ಹೋ ಮತ್ತು ಸಂಗಡಿಗರು ಜಾಲಾಡಿದಾಗ ಸಿಕ್ಕ ಲೆಕ್ಕ ಹೀಗಿದೆ: 2015ರಲ್ಲಿ ಒಂದು ಭೇಟಿಯ ಸರಾಸರಿ ಬೆಲೆ ಫ್ರೀಸ್ಟ್ಯಾಂಡಿಂಗ್ ಇ.ಆರ್.ನಲ್ಲಿ 2,199 ಡಾಲರ್, ಆಸ್ಪತ್ರೆಯ ಇ.ಆರ್.ನಲ್ಲಿ 2,259 ಡಾಲರ್, ಸಣ್ಣಪುಟ್ಟ ಕಾಯಿಲೆ ನೋಡುವ ‘ಅರ್ಜೆಂಟ್ ಕೇರ್’ ಕ್ಲಿನಿಕ್‌ನಲ್ಲಿ 168 ಡಾಲರ್. ಹೊಟ್ಟೆ ಉರಿಸುವ ಅಂಶ ಮುಂದಿದೆ. ಫ್ರೀಸ್ಟ್ಯಾಂಡಿಂಗ್ ಇ.ಆರ್.ಗೆ ಜನ ಹೆಚ್ಚಾಗಿ ಹೋಗುವ ಮೊದಲ 20 ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಅರ್ಜೆಂಟ್ ಕೇರ್‌ನ ಪಟ್ಟಿಯಲ್ಲೂ ಇದ್ದವು. ಎರಡೂ ಒಂದೇ ಬೀದಿಯಲ್ಲಿ, ಒಂದೇ ರೀತಿಯ ಕಟ್ಟಡದಲ್ಲಿ ಇರುವುದರಿಂದ ಗೊಂದಲವಾಗುವುದು ಸಹಜ. ಅರ್ಜೆಂಟ್ ಕೇರ್ ಸಾಮಾನ್ಯವಾಗಿ ರಾತ್ರಿ ಮುಚ್ಚುತ್ತದೆ. ಇಪ್ಪತ್ನಾಲ್ಕು ಗಂಟೆ ತೆರೆದಿದ್ದು, ಫಲಕದಲ್ಲಿ ‘ಎಮರ್ಜೆನ್ಸಿ’ ಅಥವಾ ‘ಇ.ಆರ್.’ ಎಂದಿದ್ದರೆ ದರ ಇ.ಆರ್.ನದೇ.

‘ನಿಮ್ಮ ವಿಮೆ ತೆಗೆದುಕೊಳ್ಳುತ್ತೇವೆ’ ಎಂಬ ಮಾತಿಗೂ ‘ನಿಮ್ಮ ವಿಮೆಯ ನೆಟ್‌ವರ್ಕ್‌ನಲ್ಲಿದ್ದೇವೆ’ ಎಂಬುದಕ್ಕೂ ಅಜಗಜಾಂತರ. ಮೊದಲನೆಯದನ್ನು ಹೇಳಿ ಎರಡನೆಯದೆಂಬ ಭ್ರಮೆ ಹುಟ್ಟಿಸುವ ಈ ಕಣ್ಣಾಮುಚ್ಚಾಲೆಗೆ ಟೆಕ್ಸಾಸ್ 2019ರಲ್ಲಿ ಕಡಿವಾಣ ಹಾಕಿತು. 2022ರ ಜನವರಿಯಿಂದ ಜಾರಿಯಲ್ಲಿರುವ ‘ನೋ ಸರ್‌ಪ್ರೈಸಸ್’ ಕೇಂದ್ರ ಕಾಯ್ದೆಯಂತೆ, ತುರ್ತು ಚಿಕಿತ್ಸೆಗೆ ನೆಟ್‌ವರ್ಕ್ ಹೊರಗಿನ ಕೇಂದ್ರವೂ ರೋಗಿಯಿಂದ ಮನಬಂದಷ್ಟು ವಸೂಲಿ ಮಾಡುವಂತಿಲ್ಲ. ಸ್ವತಂತ್ರ ಕೇಂದ್ರಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಆದರೆ ಅಲ್ಲಿಂದ ಆಸ್ಪತ್ರೆಗೆ ಸಾಗಿಸುವ ರಸ್ತೆ ಆಂಬುಲೆನ್ಸ್ ಈ ಕಾಯ್ದೆಯ ಹೊರಗೆ ಉಳಿದಿದೆ. ಭಾರತದಲ್ಲಿ ಕೊಂಡ ಪ್ರಯಾಣ ವಿಮೆಗೂ ಇದರ ರಕ್ಷಣೆಯಿಲ್ಲ. ತಂದೆತಾಯಿಯನ್ನು ಕರೆಸಿಕೊಳ್ಳುವ ಮಕ್ಕಳು ಇದನ್ನು ನೆನಪಿಡಬೇಕು.

ಇಷ್ಟನ್ನು ಓದಿ ಬಿಲ್ಲಿನ ಭಯಕ್ಕೆ ಎದೆನೋವನ್ನು ಮನೆಯಲ್ಲೇ ನುಂಗಿಕೊಂಡು ಕೂರುವಂತಾದರೆ ಈ ಬರಹದಿಂದ ಕೇಡೇ ಹೆಚ್ಚು. ಹಣದ ಲೆಕ್ಕಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯಿದೆ. ಈ ಕಾಯಿಲೆಯ ಚಿಕಿತ್ಸೆ ಆ ನಾಲ್ಕು ಗೋಡೆಗಳೊಳಗೆ ಮುಗಿಯುತ್ತದೆಯೇ, ಅಥವಾ ಅಲ್ಲಿಂದ ಮುಂದೆ ಹೋಗಲೇಬೇಕೇ?

ಮುಗಿಯುವಂಥವು ಬಹಳ ಇವೆ. ಮುರಿದ ಮಣಿಕಟ್ಟು, ಹೊಲಿಗೆ ಬೇಕಾದ ಆಳದ ಗಾಯ, ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡು ಸುಸ್ತಾದವರಿಗೆ ಡ್ರಿಪ್, ಇನ್‌ಹೇಲರ್‌ಗೆ ಬಗ್ಗದ ಉಬ್ಬಸ, ಮೂತ್ರಪಿಂಡದ ಕಲ್ಲಿನ ನೋವು, ಸಕ್ಕರೆ ಕಾಯಿಲೆಯವರಲ್ಲಿ ದಿಢೀರನೆ ಇಳಿದ ಗ್ಲೂಕೋಸ್. ನಡುರಾತ್ರಿ ಇಂಥದ್ದಾದಾಗ ಹತ್ತಿರದ ಫ್ರೀಸ್ಟ್ಯಾಂಡಿಂಗ್ ಇ.ಆರ್. ನಿಜಕ್ಕೂ ಉಪಕಾರಿ, ದೊಡ್ಡ ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಕಾಯುವುದು ತಪ್ಪುತ್ತದೆ. ಕಡಲೆಕಾಯಿಯ ಅಲರ್ಜಿಯಿಂದ ಗಂಟಲು ಕಟ್ಟಿಕೊಳ್ಳುತ್ತಿದ್ದರಂತೂ ಅತಿ ಹತ್ತಿರದ ಬಾಗಿಲೇ ಸರಿ. ಮೊದಲು ಬೇಕಾದ ಎಪಿನೆಫ್ರಿನ್ ಇಂಜೆಕ್ಷನ್ ಅಲ್ಲೇ ಇರುತ್ತದೆ.

ಹೃದಯಾಘಾತದ ಮಾತು ಬೇರೆ. ರಕ್ತನಾಳ ಪೂರ್ತಿ ಮುಚ್ಚಿಕೊಂಡಾಗ ಅದನ್ನು ಬಲೂನಿನಿಂದ ತೆರೆಯಬೇಕು. ರೋಗಿ ನೇರವಾಗಿ ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆಗೆ ಬಂದರೆ 90 ನಿಮಿಷದೊಳಗೆ, ಇನ್ನೊಂದು ಕಡೆಯಿಂದ ವರ್ಗವಾಗಿ ಬಂದರೆ 120 ನಿಮಿಷದೊಳಗೆ ಇದು ಆಗಬೇಕೆಂಬುದು ಹೃದ್ರೋಗ ತಜ್ಞರ ಗುರಿ. ಬೀದಿ ಬದಿಯ ಇ.ಆರ್.ಗೆ ಹೋದರೆ ಇ.ಸಿ.ಜಿ. ತೆಗೆದು, ಆಸ್ಪಿರಿನ್ ಕೊಟ್ಟು, ಆಸ್ಪತ್ರೆಗೆ ಫೋನು ಮಾಡಿ, ಆಂಬುಲೆನ್ಸ್‌ಗೆ ಕಾಯಬೇಕು. ಆ ಕಾಯುವಿಕೆಯಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರೆ ಬರುವ ಸಿಬ್ಬಂದಿ ಮನೆಯಲ್ಲೇ ಇ.ಸಿ.ಜಿ. ತೆಗೆದು ಸರಿಯಾದ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸುತ್ತಾರೆ; ಗಾಡಿ ತಲುಪುವಷ್ಟರಲ್ಲಿ ಕ್ಯಾಥ್‌ಲ್ಯಾಬ್ ಸಿದ್ಧವಾಗುತ್ತಿರುತ್ತದೆ. ಮಧುಮೇಹ ಇರುವ ಹಿರಿಯರಲ್ಲಿ ಎದೆನೋವೇ ಇಲ್ಲದೆ ಬರಿ ಏದುಸಿರು, ತಣ್ಣನೆಯ ಬೆವರು, ವಿಪರೀತ ಸುಸ್ತಿನ ರೂಪದಲ್ಲೂ ಹೃದಯಾಘಾತ ಬರಬಹುದು. ‘ಗ್ಯಾಸ್ ಇರಬೇಕು’ ಎಂದುಕೊಂಡು ಬೆಳಗಿನವರೆಗೆ ಕಾಯಬಾರದು.

ಪಾರ್ಶ್ವವಾಯುವಿನಲ್ಲಿ ಗಡಿಯಾರ ಇನ್ನೂ ನಿರ್ದಯಿ. ಮಿದುಳಿನ ದೊಡ್ಡ ರಕ್ತನಾಳ ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂಬ ಅಂದಾಜಿದೆ. ಬಾಯಿ ಒಂದು ಕಡೆ ವಾಲಿತೇ, ಕೈ ಎತ್ತಲಾಗುತ್ತಿಲ್ಲವೇ, ಮಾತು ತೊದಲಿತೇ? ತಕ್ಷಣ 911. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸಿ.ಟಿ. ಇರುವ ಇ.ಆರ್. ಅದನ್ನು ಕೊಡಬಲ್ಲದು. ಆದರೆ ದೊಡ್ಡ ಹೆಪ್ಪನ್ನು ತಂತಿ ತೂರಿಸಿ ಹೊರಗೆಳೆಯುವ ಚಿಕಿತ್ಸೆ ಅದಕ್ಕೆ ಸಜ್ಜಾದ ಸ್ಟ್ರೋಕ್ ಕೇಂದ್ರದಲ್ಲಿ ಮಾತ್ರ. ದೊಡ್ಡ ಅಪಘಾತ, ತುಂಬು ಗರ್ಭಿಣಿಯ ರಕ್ತಸ್ರಾವ ಕೂಡ ನೇರ ಆಸ್ಪತ್ರೆಗೇ. ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಅದನ್ನೂ ತುರ್ತು ಎಂದೇ ಎಣಿಸಬೇಕು. ಇಂಥ ಕೂಸನ್ನು ಹಲವು ಸಲ ದಾಖಲಿಸಿಕೊಳ್ಳಬೇಕಾಗುವುದರಿಂದ ಮಕ್ಕಳ ಆಸ್ಪತ್ರೆಯ ಇ.ಆರ್. ಮೇಲು.

ಉಳಿದ ನೆಗಡಿ, ಕಿವಿನೋವು, ಉರಿಮೂತ್ರ, ಉಳುಕಿದ ಕಾಲಿಗೆ ಅರ್ಜೆಂಟ್ ಕೇರ್ ಸಾಕು.

ಊರಿನಿಂದ ಅಪ್ಪ ಅಮ್ಮ ಬರುವ ವಾರದಲ್ಲೇ ಮಕ್ಕಳು ಎರಡು ಕೆಲಸ ಮುಗಿಸಿಡಬಹುದು. ಮನೆಗೆ ಹತ್ತಿರದ, ಕ್ಯಾಥ್‌ಲ್ಯಾಬೂ ಸ್ಟ್ರೋಕ್ ಕೇಂದ್ರವೂ ಇರುವ ಆಸ್ಪತ್ರೆ ಯಾವುದೆಂದು ಹುಡುಕಿ ಬರೆದಿಡುವುದು ಒಂದು. ಹಿರಿಯರ ಮಾತ್ರೆಗಳ ಪಟ್ಟಿ ಇನ್ನೊಂದು. ನಮ್ಮ ಬ್ರ್ಯಾಂಡ್ ಹೆಸರುಗಳು ಅಲ್ಲಿನ ವೈದ್ಯರಿಗೆ ಗೊತ್ತಿರುವುದಿಲ್ಲ. ಎಕೋಸ್ಪ್ರಿನ್ ಎಂದರೆ ಆಸ್ಪಿರಿನ್, ಗ್ಲೈಕೋಮೆಟ್ ಎಂದರೆ ಮೆಟ್‌ಫಾರ್ಮಿನ್ ಎಂದು ಔಷಧದ ಹೆಸರನ್ನೇ ಬರೆಯಬೇಕು. ಹೃದಯದ ಕವಾಟ ಬದಲಿಸಿಕೊಂಡ ಎಷ್ಟೋ ಮಂದಿ ನಮ್ಮಲ್ಲಿ ಅಸಿಟ್ರೋಮ್ ನುಂಗುತ್ತಾರೆ. ಅದರೊಳಗಿನ ಅಸೆನೊಕೌಮರಾಲ್ ಅಮೆರಿಕದ ಮಾರುಕಟ್ಟೆಯಲ್ಲೇ ಇಲ್ಲ. ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಎಂದು ತಿಳಿಯದೆ ಪಾರ್ಶ್ವವಾಯುವಿನ ಇಂಜೆಕ್ಷನ್ ಕೊಟ್ಟರೆ ಮಿದುಳಿನೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ. ಆ ಪಟ್ಟಿಯ ಒಂದು ಪ್ರತಿ ಹಿರಿಯರ ಕಿಸೆಯಲ್ಲೇ ಇರಲಿ; ಅವಘಡವಾದಾಗ ಮಗ, ಸೊಸೆ ಇಬ್ಬರೂ ಆಫೀಸಿನಲ್ಲಿರಬಹುದು.