ದುಂಡನೆ ತೂತು: ರೋಬೋಟ್‌ಗೆ ಯಾಕೆ ಅಷ್ಟು ಕಷ್ಟ?

ಕೋಡ್ ಬರೆಯೋ ನಮಗೆ ಸ್ಕ್ರೀನ್ ಮೇಲೆ ವೃತ್ತ ಅಂದ್ರೆ ಒಂದು ಸಾಲಿನ ಕೆಲಸ. ಕೇಂದ್ರ ಕೊಡು, ತ್ರಿಜ್ಯ ಕೊಡು, ಮುಗೀತು. ಅದೇ ವೃತ್ತವನ್ನ ಆರು ಕೀಲಿನ ರೋಬೋಟ್ ಉಕ್ಕಿನ ಶೀಟ್‌ನಲ್ಲಿ ಕತ್ತರಿಸಬೇಕು ಅಂದ್ರೆ ಕಥೆಯೇ ಬೇರೆ. ನಾನು ಪುಣೆ ಪಕ್ಕದ ಚಾಕಣ್‌ನಲ್ಲಿ ಇದೇ ಕೆಲಸ ಮಾಡೋನು. ತೂತು ಸ್ವಲ್ಪ ಮೊಟ್ಟೆ ಆಕಾರ ಆದ್ರೂ ಬೋಲ್ಟ್ ಕೂರಲ್ಲ, ಶೀಟ್ ಸೀದಾ ಗುಜರಿಗೆ.

ಮೊದಲು ಪ್ರೋಗ್ರಾಮ್ ನೋಡೋಣ. ಕ್ಯಾಡ್ ಡ್ರಾಯಿಂಗ್‌ನ ಗೆರೆ, ಕಂಸಗಳನ್ನ ಸಾಫ್ಟ್‌ವೇರ್ ರೋಬೋಟ್ ಭಾಷೆಗೆ ತಿರುಗಿಸುತ್ತೆ. ಎಬಿಬಿಯ ರ‍್ಯಾಪಿಡ್ ಭಾಷೆಯಲ್ಲಿ ನೇರ ಗೆರೆಗೆ ಮೂವ್‌ಎಲ್, ಕಂಸಕ್ಕೆ ಮೂವ್‌ಸಿ. ಒಂದೇ ಮೂವ್‌ಸಿಯಲ್ಲಿ ಪೂರ್ತಿ ವೃತ್ತ ಬರಲ್ಲ, ಕನಿಷ್ಠ ಎರಡು ಬೇಕು. ಜೊತೆಗೆ ಟಾರ್ಚ್‌ನ ತುದಿ ಎಲ್ಲಿದೆ, ಶೀಟ್ ಎಲ್ಲಿದೆ ಅಂತ ಎರಡು ಫ್ರೇಮ್ ಕಲಿಸಬೇಕು. ನಾಳೆ ಶೀಟ್ ಇಡೋ ಜಾಗ ಬದಲಾದ್ರೆ ಶೀಟಿನ ಫ್ರೇಮ್ ತಿದ್ದಿದ್ರೆ ಸಾಕು, ಪಾಯಿಂಟುಗಳನ್ನ ಮುಟ್ಟಬೇಕಾಗಿಲ್ಲ. ನಮ್ಮ ಕಾನ್ಫಿಗ್ ಫೈಲ್ ಇದ್ದ ಹಾಗೆ.

ಆಮೇಲೆ ಕರ್ಫ್. ಕತ್ತರಿಸುವಾಗ ಕರಗಿ ಹೋಗೋ ಲೋಹದ ಅಗಲ ಅದು. ಪ್ಲಾಸ್ಮಾ ಕರ್ಫ್ 2 ಮಿ.ಮೀ. ಇದ್ರೆ, 10 ಮಿ.ಮೀ. ತೂತಿಗೆ ಟಾರ್ಚ್ 8 ಮಿ.ಮೀ. ವ್ಯಾಸದಲ್ಲಿ ಸುತ್ತಬೇಕು. ಪಾರ್ಟಿನ ಹೊರ ಅಂಚಿಗೆ ಇದರ ಉಲ್ಟಾ.

ಮೂಲೆಗಳಿಗೆ ಝೋನ್ ಕೊಡ್ತೀವಿ. ಝಡ್10 ಅಂದ್ರೆ ಮೂಲೆ 10 ಮಿ.ಮೀ. ದೂರ ಇರೋವಾಗ್ಲೇ ರೋಬೋಟ್ ತಿರುಗೋಕೆ ಶುರು ಮಾಡುತ್ತೆ, ಮೂಲೆ ದುಂಡಗಾಗುತ್ತೆ. ಫೈನ್ ಅಂತ ಕೊಟ್ರೆ ಪೂರ್ತಿ ನಿಲ್ಲುತ್ತೆ, ಆದರೆ ಟಾರ್ಚ್ ಉರೀತಾನೇ ಇರೋದ್ರಿಂದ ಮೂಲೆ ಸುಡುತ್ತೆ. ಅದಕ್ಕೇ ಝಡ್0, ಝಡ್1 ಥರದ ಚಿಕ್ಕ ಝೋನ್ ಇಡೋದು.

ಇಷ್ಟೆಲ್ಲ ಸರಿ ಮಾಡಿದ್ರೂ ತೂತು ದುಂಡಗೆ ಬರದೇ ಇರಬಹುದು. ಯಾಕೆ? ಡೇಟಾಶೀಟ್‌ನಲ್ಲಿ ರಿಪೀಟಬಿಲಿಟಿ 0.05 ಮಿ.ಮೀ. ಅಂತಿದ್ರೆ, ಅದು ಕಲಿಸಿದ ಅದೇ ಪಾಯಿಂಟಿಗೆ ಮತ್ತೆ ಮತ್ತೆ ಬರೋ ನಿಖರತೆ. ದಾರಿಯುದ್ದಕ್ಕೂ ಅಷ್ಟೇ ನಿಖರವಾಗಿ ಹೋಗುತ್ತೆ ಅಂತ ಅರ್ಥ ಅಲ್ಲ. ಲೆಕ್ಕ ಹಾಕಿ: 8 ಮಿ.ಮೀ. ವೃತ್ತದ ಸುತ್ತಳತೆ ಸುಮಾರು 25 ಮಿ.ಮೀ. ಸೆಕೆಂಡಿಗೆ 50 ಮಿ.ಮೀ. ವೇಗದಲ್ಲಿ ಅರ್ಧ ಸೆಕೆಂಡಿಗೆ ಒಂದು ಸುತ್ತು. ಅಷ್ಟರೊಳಗೆ ಕೀಲುಗಳು ಹೋಗ್ತಿದ್ದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗಬೇಕು. ಆ ಕ್ಷಣ ಗೇರ್‌ನ ಘರ್ಷಣೆ, ಸಡಿಲ ಎರಡೂ ಅಡ್ಡ ಬರ್ತವೆ, ವೃತ್ತ ಅಲ್ಲಲ್ಲಿ ಚಪ್ಪಟೆ ಆಗುತ್ತೆ. ಇದು ನಿಮ್ಮ ಕೋಡಿನ ಬಗ್ ಅಲ್ಲ. ವೇಗ ಇಳಿಸಿದ್ರೆ ಸ್ವಲ್ಪ ಸುಧಾರಿಸುತ್ತೆ, ಆದರೆ ತೀರಾ ಇಳಿಸಿದ್ರೆ ಅಂಚು ಕೆಡುತ್ತೆ. ಎಬಿಬಿಯಲ್ಲಿ ಅಡ್ವಾನ್ಸ್ಡ್ ಶೇಪ್ ಟ್ಯೂನಿಂಗ್ ಅನ್ನೋ ಆಪ್ಷನ್ ಇದೆ, ಘರ್ಷಣೆಯನ್ನ ಅಳೆದು ಸರಿದೂಗಿಸೋಕೆ.

ಹಾಗಾಗಿ ಕೆಲಸ ಶುರು ಮಾಡೋ ಮುಂಚೆ ಗುಜರಿ ಶೀಟ್‌ನ ನಾಲ್ಕು ಕಡೆ ಅದೇ ತೂತು ಕತ್ತರಿಸಿ, ಉದ್ದ ಅಡ್ಡ ಎರಡೂ ಕಡೆ ವರ್ನಿಯರ್‌ನಿಂದ ಅಳೀರಿ. ಚೆನ್ನಾಗಿ ಬಂದ ಜಾಗದಲ್ಲೇ ಪಾರ್ಟ್ ಇಡಿ. ಬರೀ ಚಪ್ಪಟೆ ಶೀಟು, ತುಂಬಾ ಚಿಕ್ಕ ತೂತುಗಳು ಅಂದ್ರೆ ಸಿಎನ್‌ಸಿ ಟೇಬಲ್ಲೇ ವಾಸಿ. ಬಾಗಿದ ಪಾರ್ಟು, ಪೈಪು ಬಂದಾಗ್ಲೇ ಆರು ಕೀಲಿಗೆ ನಿಜವಾದ ಬೆಲೆ.