ಕೊಳವೆಯೊಳಗಿನ ಸಾಲು

ಕಾಲೇಜಿನ ವಿದ್ಯಾರ್ಥಿಗೆ ‘ಮ್ಯಾಗಜಿನ್’ ಎಂದರೆ ವಾರ್ಷಿಕ ಸಂಚಿಕೆ. ಬೇಟೆಗಾರನಿಗೆ ಕೋವಿಯಲ್ಲಿ ತೋಟಾಗಳನ್ನು ತುಂಬಿಡುವ ಸ್ಥಳ. ಎರಡಕ್ಕೂ ಮೂಲ ಒಂದೇ: ಉಗ್ರಾಣವೆಂಬ ಅರ್ಥದ ಅರಬ್ಬೀ ಪದ. ಉಗ್ರಾಣದಲ್ಲಿ ಯಾವುದರ ಪಕ್ಕದಲ್ಲಿ ಯಾವುದನ್ನಿಡಬೇಕೆಂಬ ವಿವೇಕ ಬೇಕಷ್ಟೆ? ಕೋವಿಯ ಉಗ್ರಾಣದಲ್ಲಿ ಅದು ಪ್ರಾಣದ ಪ್ರಶ್ನೆ.

ಉದಯಗಿರಿಯ ನಮ್ಮ ಮನೆಗೆ ಬರುವ ವಿದ್ಯಾರ್ಥಿಗಳಲ್ಲಿ ತೇಜಸ್ವಿಯವರ ‘ಕಾಡಿನ ಕಥೆಗಳ’ನ್ನು ಓದದವರು ವಿರಳ. ಅವುಗಳ ಮೂಲ ಲೇಖಕರಾದ ಬೆಂಗಳೂರಿನ ಕೆನೆತ್ ಆಂಡರ್ಸನ್ನರ ಅಚ್ಚುಮೆಚ್ಚಿನ ಆಯುಧ .405 ವಿಂಚೆಸ್ಟರ್ ರೈಫಲು. ನರಭಕ್ಷಕನ ಹೆಜ್ಜೆಗೆ ಕಿವಿಗೊಡುವ ಓದುಗರು ಆ ರೈಫಲಿನ ಒಡಲನ್ನು ಗಮನಿಸುವುದಿಲ್ಲ. ಅಲ್ಲಿಯೂ ಒಂದು ಕಥೆಯುಂಟು.

ವಿಂಚೆಸ್ಟರ್ ಕಂಪನಿಯ ಹಿಂದಿನ ಲಿವರ್ ರೈಫಲುಗಳಲ್ಲಿ ನಳಿಗೆಯ ಕೆಳಗೆ ಉದ್ದನೆಯ ಕೊಳವೆ. ಅದರೊಳಗೆ ತೋಟಾಗಳು ಇರುವೆಯ ಸಾಲಿನಂತೆ ಒಂದರ ಹಿಂದೊಂದು. ಹಿಂದಿನ ತೋಟಾದ ಗುಂಡಿನ ಮೂತಿ ಮುಂದಿನದರ ಬುಡಕ್ಕೆ ತಾಗಿರುತ್ತದೆ. ಆ ಬುಡದ ನಡುವೆಯೇ ಕೇಪು. ಅಂದರೆ ಪೆಟ್ಟು ಬಿದ್ದೊಡನೆ ಕಿಡಿಕಾರಿ ಮದ್ದನ್ನು ಹೊತ್ತಿಸುವ ಪುಟ್ಟ ಬಟ್ಟಲು. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಕೊಳವೆಯ ಸಾಲೂ ಕುಲುಕುತ್ತದೆ. ಮೂತಿ ಚೂಪಾಗಿದ್ದರೆ ಅದೇ ಮೊಳೆಯಾಗಿ ಕೇಪನ್ನು ಕುಟ್ಟಬಹುದು. ಕೊಳವೆ ಸಿಡಿದರೆ ಮೊದಲು ಗಾಯವಾಗುವುದು ಕೋವಿಗೆ ಆಸರೆ ಕೊಟ್ಟ ಕೈಗೇ.

ಆದಕಾರಣ ಇಂಥ ಕೋವಿಗಳಿಗೆ ಚಪ್ಪಟೆ ಮೂತಿಯ ಗುಂಡನ್ನೇ ವಿಧಿಸಿದರು. ಆದರೆ ಅದು ಗಾಳಿಯಲ್ಲಿ ಬೇಗನೆ ವೇಗಗುಂದುತ್ತದೆ. ದೂರ ಕ್ರಮಿಸುವುದು ಚೂಪುಗುಂಡೇ. ಈ ಇಕ್ಕಟ್ಟಿಗೆ ಒಬ್ಬೊಬ್ಬರು ಒಂದೊಂದು ಉತ್ತರ ಕಂಡುಕೊಂಡರು. ಫ್ರಾನ್ಸಿನ 1886ರ ಲೆಬೆಲ್ ಸೇನಾ ರೈಫಲಿನದೂ ಕೊಳವೆಯೇ. 1898ರಲ್ಲಿ ಅದಕ್ಕೆ ಚೂಪುಗುಂಡು ಬಂದಿತು. ತೋಟಾದ ಬುಡದಲ್ಲಿ ಕೇಪಿನ ಸುತ್ತ ಕೊರೆದ ತೋಡಿನಲ್ಲಿ ಹಿಂದಿನದರ ಮೂತಿ ಕೂರುವ ಏರ್ಪಾಡಿತ್ತು. ಅಮೆರಿಕದ ಜಾನ್ ಬ್ರೌನಿಂಗ್ ವಿಂಚೆಸ್ಟರಿನ 1895ರ ಮಾದರಿಯಲ್ಲಿ ಕೊಳವೆಯನ್ನೇ ತೊರೆದು, ತೋಟಾಗಳು ಒಂದರ ಮೇಲೊಂದು ಮಲಗುವ ಪೆಟ್ಟಿಗೆಯನ್ನಿಟ್ಟನು. ಆಂಡರ್ಸನ್ನರ ರೈಫಲು ಈ ಮಾದರಿಯದು. ಈ ಶತಮಾನದಲ್ಲಿ ಹಾರ್ನಡಿ ಕಂಪನಿ ಗುಂಡಿನ ತುದಿಗೆ ಒತ್ತಿದರೆ ಬಾಗುವ ಮೆತ್ತನೆಯ ಮೂತಿಯನ್ನು ತೊಡಿಸಿ, ಚೂಪುಗುಂಡನ್ನೂ ಕೊಳವೆಗೆ ಒಗ್ಗಿಸಿತು.

1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಆದರೂ ಕೊಡಗು, ಮಲೆನಾಡುಗಳ ಮನೆಗಳಲ್ಲಿ ಕೋವಿಗಳು ಇಂದಿಗೂ ಉಂಟು. ತೋಟಾ ಕೋವಿಯ ಅಳತೆಗೆ ಹೊಂದಿದರೆ ಸಾಲದು, ಅದರ ಮೂತಿ ಉಗ್ರಾಣಕ್ಕೆ ಹೊಂದಬೇಕು ಎಂಬುದನ್ನು ಆ ಮನೆಗಳ ಮಕ್ಕಳು ಅರಿತಿರಬೇಕು. ಬೇಟೆಯ ಕಥೆ ಪಾಠಕ್ಕೆ ಬಂದಾಗಲೆಲ್ಲ ನಾನು ಕಪ್ಪು ಹಲಗೆಯ ಮೇಲೆ ಚೂಪು, ಚಪ್ಪಟೆ ಎರಡು ಮೂತಿಗಳನ್ನೂ ಬರೆದು ತೋರಿಸುತ್ತೇನೆ.