ಅಂಕಿಗಳಲ್ಲಿ ಅಡಗಿದ್ದ ಮದುವೆ

ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನಿಂದ ಅಬಿಡ್ಸ್ ದಾಟಿ ಕೋಠಿಗೆ ಬಂದರೆ, ಬಸ್ಸುಗಳ ಗದ್ದಲದ ಪಕ್ಕದಲ್ಲೇ ಎತ್ತರದ ಕಂಬಸಾಲಿನ ಬಂಗಲೆಯೊಂದು ಕಾಣುತ್ತದೆ. 1949ರಲ್ಲಿ ಅಲ್ಲಿಗೆ ಹೆಣ್ಣುಮಕ್ಕಳ ಕಾಲೇಜು ಬಂತು. ಕಟ್ಟಿಸಿದವನು ನಿಜಾಮನ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್, ಅಂದರೆ ರಾಯಭಾರಿಯಾಗಿದ್ದ ಜೇಮ್ಸ್ ಅಕಿಲಿಸ್ ಕಿರ್ಕ್‌ಪ್ಯಾಟ್ರಿಕ್. ಹಿಂದಿನ ತೋಟದಲ್ಲಿ ಅದೇ ಬಂಗಲೆಯ ಪುಟ್ಟ ಪ್ರತಿರೂಪವನ್ನೂ ಮಾಡಿಸಿದ್ದ. ಪರದೆಯಲ್ಲಿದ್ದ ಅವನ ಬೇಗಂ ಮುಂಭಾಗಕ್ಕೆ ಬರುವಂತಿರಲಿಲ್ಲ, ಅವಳಿಗೆ ತೋರಿಸಲೆಂದೇ ಅದನ್ನು ಮಾಡಿಸಿದ ಎಂಬುದು ಊರವರ ಮಾತು.

ಆ ಬೇಗಂ ಖೈರುನ್ನಿಸಾ, ಮುಂದೆ ದಿವಾನನಾದ ಮೀರ್ ಆಲಂನ ಬಂಧುವಿನ ಮೊಮ್ಮಗಳು. 1893ರಲ್ಲೇ ಎಡ್ವರ್ಡ್ ಸ್ಟ್ರೇಚಿ ಎಂಬಾತ ಬ್ಲ್ಯಾಕ್‌ವುಡ್ಸ್ ಪತ್ರಿಕೆಯಲ್ಲಿ ಈ ಮದುವೆಯ ಬಗ್ಗೆ ಬರೆದಿದ್ದ. ಆದರೆ ಅದು ಸೊಗಸಾದ ಪ್ರೇಮಕತೆಯಾಗಿಯೇ ಉಳಿಯಿತು.

1997ರಲ್ಲಿ ಹೈದರಾಬಾದಿಗೆ ಬಂದ ಇತಿಹಾಸಕಾರ ವಿಲಿಯಂ ಡಾಲ್ರಿಂಪಲ್ ಆ ಕತೆಯ ಜಾಡು ಹಿಡಿದು ಲಂಡನ್ನಿನ ಇಂಡಿಯಾ ಆಫೀಸ್ ಕಡತಗಳಿಗೆ ಹೋದರು. ಅಲ್ಲಿ ಜೇಮ್ಸ್ ತನ್ನ ಅಣ್ಣ ವಿಲಿಯಂಗೆ ಬರೆದ ಪತ್ರಗಳಿದ್ದವು. ಮುಖ್ಯವಾದ ಮಾತು ಬರುವ ಹೊತ್ತಿಗೆ ಅಕ್ಷರ ನಿಂತು, ಬರೀ ಅಂಕಿಗಳ ಸಾಲು. ಕೊನೆಗೆ ಅಂಕಿಗಳ ಮೇಲೆಯೇ ಅರ್ಥ ಬರೆದಿದ್ದ ಒಂದು ಕಾಗದ ಸಿಕ್ಕಿತು. ಒಂದು ಅಕ್ಷರಕ್ಕೆ ಒಂದು ಅಂಕಿ, ಅಷ್ಟೇ ಗುಟ್ಟು! ಗವರ್ನರ್ ಜನರಲ್ ವೆಲ್ಲೆಸ್ಲಿಯಿಂದ ಮುಚ್ಚಿಟ್ಟ ಸಂಸಾರವೆಲ್ಲ ಬಯಲಾಯಿತು.

ಉಳಿದ ಕತೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿತ್ತು. 1805ರಲ್ಲಿ ದಂಪತಿಯ ಇಬ್ಬರು ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಿದರು. ಹೊರಡುವ ಮುನ್ನ ಮದರಾಸಿನಲ್ಲಿ ಜಾರ್ಜ್ ಚಿನ್ನರಿ ಅವರ ಚಿತ್ರ ಬರೆದ. ಅದೇ ವರ್ಷ ಅಕ್ಟೋಬರಿನಲ್ಲಿ ಜೇಮ್ಸ್ ಕಲ್ಕತ್ತೆಯಲ್ಲಿ ತೀರಿಕೊಂಡ. ಅವನ ಸಹಾಯಕನಾಗಿದ್ದ ಹೆನ್ರಿ ರಸೆಲ್ ಆ ವಿಧವೆಗೆ ಆಸರೆಯಾದಂತೆ ನಟಿಸಿ, ಮತ್ತೆ ಕೈಬಿಟ್ಟದ್ದು ಆ ಗ್ರಂಥಾಲಯದಲ್ಲಿದ್ದ ರಸೆಲನ ಪತ್ರಗಳಿಂದಲೇ ತಿಳಿಯಿತು. 1813ರಲ್ಲಿ ಸತ್ತಾಗ ಖೈರುನ್ನಿಸಾಗೆ ಮೂವತ್ತೂ ತುಂಬಿರಲಿಲ್ಲ. ಇದೆಲ್ಲ 2002ರಲ್ಲಿ 'ವೈಟ್ ಮುಘಲ್ಸ್' ಪುಸ್ತಕವಾಗಿ ಬಂತು.

ಅಣ್ಣ ವಿಲಿಯಂ ಕನ್ನಡಿಗರಿಗೆ ಬೇರೊಂದು ಕಾರಣಕ್ಕೆ ಪರಿಚಿತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿಕ್ಕ ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿಗೆ ತಂದು 1811ರಲ್ಲಿ ಅಚ್ಚು ಹಾಕಿಸಿದವನು ಅವನೇ. ಶತ್ರುವಿನ ಟಪಾಲನ್ನು ಲೋಕಕ್ಕೆಲ್ಲ ಓದಿಸಿದವನ ಮನೆಯ ಟಪಾಲನ್ನೂ ಕೊನೆಗೆ ಲೋಕ ಓದದೆ ಬಿಡಲಿಲ್ಲ.